ಹಿರಿಯರ ರಕ್ತ ಪರೀಕ್ಷೆಯಲ್ಲಿ ಉರಿಯೂತದ ಅಂಕಿಗಳನ್ನು ಓದುವ ಬಗೆ

72 ವರ್ಷದ ಮಹಿಳೆಯೊಬ್ಬರ ವರದಿಯಲ್ಲಿ ಇಎಸ್‌ಆರ್ (ಕೆಂಪು ರಕ್ತಕಣಗಳು ಕೆಳಗಿಳಿಯುವ ವೇಗದಿಂದ ಉರಿಯೂತವನ್ನು ಅಂದಾಜು ಮಾಡುವ ಪರೀಕ್ಷೆ) 38 ಎಂದು ಬಂದಿದೆ, ಪಕ್ಕದಲ್ಲಿ ಸಾಮಾನ್ಯ ಮಿತಿ 0–20 ಎಂದು ಅಚ್ಚಾಗಿದೆ, 38 ದಪ್ಪ ಅಕ್ಷರದಲ್ಲಿದೆ ಎಂದಿಟ್ಟುಕೊಳ್ಳಿ. ಮನೆಯವರ ಕಣ್ಣು ಮೊದಲು ಬೀಳುವುದು ಆ ದಪ್ಪ ಅಕ್ಷರದ ಮೇಲೆ, ಮತ್ತು ಹೆಚ್ಚುಕಡಿಮೆ ಎರಡು ಪಟ್ಟು ಆಗಿದೆಯಲ್ಲ ಎಂಬ ಗಾಬರಿ ಆಗಲೇ ಶುರುವಾಗುತ್ತದೆ. ಆದರೆ ಆ ವಯಸ್ಸಿನ ಮಹಿಳೆಯಲ್ಲಿ 38 ಎಂಬುದು ನಿರೀಕ್ಷಿತ ಮಟ್ಟದ ಒಳಗೇ ಇದೆ. ಅದೇ ಹೊತ್ತಿಗೆ ಇನ್ನೊಬ್ಬ ಹಿರಿಯರ ವರದಿಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಸರಿಯಾಗಿದ್ದು, ಮೈ ಬಿಸಿಯೂ ಇಲ್ಲದೆ, ಅವರು ಎರಡು ದಿನಗಳಿಂದ ಊಟ ಬಿಟ್ಟು ಮನೆಯವರ ಗುರುತನ್ನೇ ತಪ್ಪಿ ಹೇಳುತ್ತಿದ್ದರೆ, ತಡಮಾಡದೆ ವೈದ್ಯರ ಬಳಿ ಕರೆದೊಯ್ಯಬೇಕಾದದ್ದು ಅವರನ್ನು. ಹಿರಿಯರ ವರದಿಯಲ್ಲಿ ಅಂಕಿಯನ್ನು ಅಚ್ಚಾದ ಮಿತಿಯೊಂದಿಗೆ ಹೋಲಿಸುವುದಕ್ಕಿಂತ, ಆ ವ್ಯಕ್ತಿಯ ಹಿಂದಿನ ಅಂಕಿಯೊಂದಿಗೆ ಮತ್ತು ಇಂದಿನ ಸ್ಥಿತಿಯೊಂದಿಗೆ ಹೋಲಿಸುವುದು ಹೆಚ್ಚು ಪ್ರಯೋಜನಕಾರಿ ಎಂಬುದನ್ನು ಈ ಲೇಖನದುದ್ದಕ್ಕೂ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಮೊದಲ ಹೆಜ್ಜೆ: ಪರೀಕ್ಷೆಯನ್ನು ಏಕೆ ಮಾಡಿಸಿದ್ದು ಎಂದು ಕೇಳಿಕೊಳ್ಳಿ

ಉರಿಯೂತವೆಂದರೆ ಸೋಂಕು, ಪೆಟ್ಟು ಅಥವಾ ಬೇರಾವುದೋ ಹಾನಿಯ ವಿರುದ್ಧ ದೇಹ ಹೂಡುವ ಪ್ರತಿಕ್ರಿಯೆ. ಚರ್ಮದ ಮೇಲಾದರೆ ಅದು ಕೆಂಪು, ಬಿಸಿ, ಊತ, ನೋವುಗಳಾಗಿ ಕಣ್ಣಿಗೆ ಕಾಣುತ್ತದೆ. ದೇಹದ ಒಳಗಾದರೆ ರಕ್ತದಲ್ಲಿನ ಕೆಲವು ಪ್ರೋಟೀನುಗಳ ಏರಿಳಿತದಿಂದ ಮಾತ್ರ ಗೊತ್ತಾಗಬಹುದು. ಎಲ್ಲೋ ಉರಿಯೂತವಿದೆ ಎಂಬುದನ್ನು ಈ ಪರೀಕ್ಷೆಗಳು ತಿಳಿಸುತ್ತವೆಯೇ ಹೊರತು, ಎಲ್ಲಿದೆ ಮತ್ತು ಏಕೆ ಎಂಬುದನ್ನು ತಿಳಿಸುವುದಿಲ್ಲ. ಆದ್ದರಿಂದ ಭುಜ ಎತ್ತಲಾಗದಷ್ಟು ನೋವಿದ್ದವರಲ್ಲಿ ಬಂದ ಇಎಸ್‌ಆರ್ 60ಕ್ಕೂ, ಯಾವ ತೊಂದರೆಯೂ ಇಲ್ಲದೆ ತಪಾಸಣೆಯ ಪ್ಯಾಕೇಜಿನಲ್ಲಿ ಸೇರಿಕೊಂಡು ಬಂದ 60ಕ್ಕೂ ಅರ್ಥ ಒಂದೇ ಅಲ್ಲ. ಮೊದಲನೆಯದು ವೈದ್ಯರು ಕೇಳಿದ ಪ್ರಶ್ನೆಗೆ ಸಿಕ್ಕ ಉತ್ತರ. ಎರಡನೆಯದಕ್ಕೆ ಪ್ರಶ್ನೆಯೇ ಇರಲಿಲ್ಲ. ಅಂಥ ಸಂದರ್ಭದಲ್ಲಿ ವೈದ್ಯರು ವಿವರವಾಗಿ ವಿಚಾರಿಸಿ, ದೇಹ ಪರೀಕ್ಷೆ ಮಾಡಿ, ಕೆಲವು ವಾರಗಳ ನಂತರ ಮತ್ತೊಮ್ಮೆ ಅದೇ ಪರೀಕ್ಷೆ ಮಾಡಿಸುವುದು ವಾಡಿಕೆ, ಮತ್ತು ಹಲವು ಬಾರಿ ಅಂಕಿ ತಾನಾಗಿಯೇ ಇಳಿದಿರುತ್ತದೆ. ಲಕ್ಷಣಗಳೇ ಇಲ್ಲದ ಹಿರಿಯರಿಗೆ ಸುಮ್ಮನೆ ಇಎಸ್‌ಆರ್ ಮಾಡಿಸುವುದರಿಂದ ಲಾಭಕ್ಕಿಂತ ಆತಂಕವೇ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಹೆಜ್ಜೆ: ಅಂಕಿಯನ್ನು ಓದುವ ಮೊದಲು ಅದರ ಮಾನವನ್ನು (ಯೂನಿಟ್) ಓದಿ

ಇದನ್ನು ನಾನು ನಮ್ಮ ಮನೆಯಲ್ಲೇ ಕಲಿತದ್ದು. ನನ್ನ ಅತ್ತೆಯವರ ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನು) ಒಂದು ಲ್ಯಾಬಿನಲ್ಲಿ 1.8 ಎಂದು ಬಂದಿತ್ತು. ಎರಡು ವಾರಗಳ ನಂತರ ಬೇರೊಂದು ಲ್ಯಾಬಿನಲ್ಲಿ 16 ಎಂದು ಬಂತು. ಒಂಬತ್ತು ಪಟ್ಟು ಏರಿದೆ ಎಂದು ನಾವು ಇಡೀ ರಾತ್ರಿ ನಿದ್ದೆಗೆಟ್ಟೆವು. ಬೆಳಿಗ್ಗೆ ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ಮೊದಲನೆಯದರಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ ಎಂದೂ ಎರಡನೆಯದರಲ್ಲಿ ಲೀಟರಿಗೆ ಮಿಲಿಗ್ರಾಂ ಎಂದೂ ಸಣ್ಣ ಅಕ್ಷರಗಳಲ್ಲಿ ಬರೆದದ್ದು ಕಂಡಿತು. ಒಂದು ಲೀಟರಿನಲ್ಲಿ ಹತ್ತು ಡೆಸಿಲೀಟರ್ ಇರುವುದರಿಂದ ಮೊದಲನೆಯ 1.8 ಎಂದರೆ ಲೀಟರಿಗೆ 18. ಅಂದರೆ ಅವರ ಸಿಆರ್‌ಪಿ 18ರಿಂದ 16ಕ್ಕೆ ತುಸು ಇಳಿದಿತ್ತು. ಈ ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ಅಂಕಿಯ ಜೊತೆಗೆ ಮಾನವನ್ನೂ, ರಕ್ತ ಕೊಟ್ಟ ದಿನಾಂಕವನ್ನೂ, ಲ್ಯಾಬಿನ ಹೆಸರನ್ನೂ ಗಮನಿಸಿ. ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ಈ ಲೇಖನದಲ್ಲಿ ಮುಂದೆ ಬರುವ ಸಿಆರ್‌ಪಿ ಅಂಕಿಗಳೆಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕದವು.

ಮೂರನೆಯ ಹೆಜ್ಜೆ: ಇಎಸ್‌ಆರ್ ಅನ್ನು ವಯಸ್ಸಿಗೆ ತಕ್ಕಂತೆ ತೂಗಿ ನೋಡಿ

ಇಎಸ್‌ಆರ್ ಪರೀಕ್ಷೆ ನಡೆಯುವ ಬಗೆಯನ್ನು ತಿಳಿದರೆ ಅದರ ಬಲವೂ ದೌರ್ಬಲ್ಯವೂ ತಾನಾಗಿ ಅರ್ಥವಾಗುತ್ತವೆ. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ಸಪೂರವಾದ ಗಾಜಿನ ಕೊಳವೆಯೊಂದರಲ್ಲಿ ತುಂಬಿ, ಅದನ್ನು ನೆಟ್ಟಗೆ ನಿಲ್ಲಿಸಿ, ಒಂದು ಗಂಟೆ ಅಲುಗಾಡಿಸದೆ ಬಿಡುತ್ತಾರೆ. ಕೆಂಪು ರಕ್ತಕಣಗಳು ಮೆಲ್ಲನೆ ಕೆಳಗಿಳಿದು ಮೇಲೆ ಹುಲ್ಲುಬಣ್ಣದ ತಿಳಿ ಉಳಿಯುತ್ತದೆ. ಆ ತಿಳಿಯ ಉದ್ದ ಎಷ್ಟು ಮಿಲಿಮೀಟರ್ ಎಂಬುದೇ ಇಎಸ್‌ಆರ್. ಈಗಲೂ ಪ್ರಮಾಣವೆಂದು ಬಳಸುವ ಈ ವಿಧಾನಕ್ಕೆ 1921ರಲ್ಲಿ ಅದನ್ನು ವಿವರಿಸಿದ ಸ್ವೀಡನ್ನಿನ ವೈದ್ಯ ಆಲ್ಫ್ ವೆಸ್ಟರ್‌ಗ್ರೆನ್ ಅವರ ಹೆಸರಿದೆ, ಆದರೆ ಇಂದು ಅನೇಕ ಲ್ಯಾಬುಗಳಲ್ಲಿ ಯಂತ್ರವು ಕೆಲವೇ ನಿಮಿಷಗಳಲ್ಲಿ ಅಂದಾಜು ಮಾಡಿಕೊಡುತ್ತದೆ. ಕೆಂಪು ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಅವು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತವಿದ್ದಾಗ ರಕ್ತದಲ್ಲಿ ಹೆಚ್ಚಾಗುವ ಫೈಬ್ರಿನೊಜನ್ ಎಂಬ ಪ್ರೋಟೀನು ಆ ತಳ್ಳಾಟವನ್ನು ತಗ್ಗಿಸಿದಾಗ, ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಅಂಟಿಕೊಂಡು, ಭಾರವಾಗಿ, ಬೇಗ ಕೆಳಗಿಳಿಯುತ್ತವೆ.

ಹೀಗಾಗಿ ಉರಿಯೂತಕ್ಕೆ ಸಂಬಂಧವಿಲ್ಲದ ಸಂಗತಿಗಳೂ ಈ ಅಂಕಿಯನ್ನು ಏರಿಸಬಲ್ಲವು. ರಕ್ತಹೀನತೆಯಲ್ಲಿ ಕಣಗಳ ಸಂಖ್ಯೆ ಕಡಿಮೆಯಿದ್ದು ಅವು ಬೇಗ ಇಳಿಯುತ್ತವೆ. ದೀರ್ಘಕಾಲದ ಮೂತ್ರಪಿಂಡದ ಕಾಯಿಲೆ ಮತ್ತು ಬೊಜ್ಜು ಕೂಡ ಅಂಕಿಯನ್ನು ಮೇಲಕ್ಕೆ ಒಯ್ಯುತ್ತವೆ. ಕೊಳವೆ ತುಸು ಓರೆಯಾಗಿ ನಿಂತಿದ್ದರೂ ಸಾಕು, ಇಲ್ಲದ ಏರಿಕೆ ಕಾಣಿಸುತ್ತದೆ. ಕೆಂಪು ಕಣಗಳು ಅತಿಯಾಗಿರುವ ಕಾಯಿಲೆಯಲ್ಲಿ ಇದರ ತದ್ವಿರುದ್ಧವಾಗಿ ಅಂಕಿ ಕೆಳಗೇ ಉಳಿದುಬಿಡುತ್ತದೆ.

ವಯಸ್ಸಿನ ಲೆಕ್ಕಕ್ಕೆ 1983ರಿಂದ ಬಳಕೆಯಲ್ಲಿರುವ ಒಂದು ಸರಳ ಸೂತ್ರವಿದೆ. ಪುರುಷರಿಗೆ ವಯಸ್ಸನ್ನು ಎರಡರಿಂದ ಭಾಗಿಸಿ. ಮಹಿಳೆಯರಿಗೆ ವಯಸ್ಸಿಗೆ ಹತ್ತು ಕೂಡಿಸಿ ಎರಡರಿಂದ ಭಾಗಿಸಿ. ಬರುವ ಅಂಕಿಯೇ ಆ ವಯಸ್ಸಿನ ಸ್ಥೂಲ ಮೇಲ್ಮಿತಿ. 80 ವರ್ಷದ ಪುರುಷರಿಗೆ 40, 72 ವರ್ಷದ ಮಹಿಳೆಗೆ 41. ಬಹಳಷ್ಟು ವರದಿಗಳಲ್ಲಿ ಎಲ್ಲ ವಯಸ್ಸಿಗೂ ಒಂದೇ ಮಿತಿ ಅಚ್ಚಾಗಿರುವುದರಿಂದ ಈ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕಾಗುತ್ತದೆ. ಆದರೆ ಇದು ಅಂದಾಜಿಗಷ್ಟೇ ಆಗುವ ಸೂತ್ರ. ಕಳೆದ ವರ್ಷ 12 ಇದ್ದ ಇಎಸ್‌ಆರ್ ಈ ವರ್ಷ 39 ಆಗಿದ್ದು, ಜೊತೆಗೆ ತೂಕವೂ ಇಳಿದಿದ್ದರೆ, ಸೂತ್ರದ ಒಳಗಿದೆ ಎಂದು ಸುಮ್ಮನಾಗಬಾರದು.

100 ದಾಟಿದ ಇಎಸ್‌ಆರ್ ಬೇರೆಯೇ ವಿಷಯ. ಅಲ್ಲಿ ಬಹುಮಟ್ಟಿಗೆ ಗುರುತಿಸಬಹುದಾದ ಕಾರಣ ಇದ್ದೇ ಇರುತ್ತದೆ: ಗಂಭೀರ ಸೋಂಕು, ರಕ್ತನಾಳಗಳ ಉರಿಯೂತ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆ. ಯಾವ ವಯಸ್ಸಿನವರಲ್ಲೂ ಅದನ್ನು ವಯೋಸಹಜವೆಂದು ಬಿಡುವಂತಿಲ್ಲ.

ನಾಲ್ಕನೆಯ ಹೆಜ್ಜೆ: ಸಿಆರ್‌ಪಿ ಯಾವ ದಿಕ್ಕಿಗೆ ಹೋಗುತ್ತಿದೆ ಎಂದು ನೋಡಿ

ಸಿಆರ್‌ಪಿ ಎಂಬುದು ಸಿ-ರಿಯಾಕ್ಟಿವ್ ಪ್ರೋಟೀನ್ ಎಂಬುದರ ಮೊದಲಕ್ಷರಗಳು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬುವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಇದನ್ನು ಕಂಡುಹಿಡಿದರು. ನ್ಯುಮೋನಿಯಾ ತರುವ ರೋಗಾಣುವಿನ ‘ಸಿ’ ಎಂಬ ಅಂಶದೊಂದಿಗೆ ಅದು ಕೂಡಿಕೊಳ್ಳುತ್ತಿದ್ದುದರಿಂದ ಈ ಹೆಸರು ಬಂತು. ಇದನ್ನು ತಯಾರಿಸುವುದು ಯಕೃತ್ತು. ಹಾನಿ ಆರಂಭವಾದ ಸುಮಾರು ನಾಲ್ಕರಿಂದ ಆರು ಗಂಟೆಗಳಲ್ಲಿ ಏರತೊಡಗಿ, ಎರಡು ದಿನಗಳ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಕಾರಣ ದೂರವಾದ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಇಎಸ್‌ಆರ್ ಹೀಗಲ್ಲ, ಅದು ಏರಲು ದಿನಗಳನ್ನು, ಇಳಿಯಲು ವಾರಗಳನ್ನು ತೆಗೆದುಕೊಳ್ಳುತ್ತದೆ. ಜ್ವರ ಬಿಟ್ಟು ಚೇತರಿಸಿಕೊಂಡ ಹಿರಿಯರ ಇಎಸ್‌ಆರ್ ಇನ್ನೂ 55 ಇದೆ, ಸಿಆರ್‌ಪಿ ಮಾತ್ರ 4ಕ್ಕೆ ಬಂದಿದೆ ಎಂದಾದರೆ, ಅದು ಹೆಚ್ಚಾಗಿ ಕಳೆದುಹೋದ ಕಾಯಿಲೆಯ ನೆರಳಷ್ಟೇ.

ಬಹುಪಾಲು ಲ್ಯಾಬುಗಳಲ್ಲಿ 5 ಅಥವಾ 10ರ ಒಳಗಿನ ಸಿಆರ್‌ಪಿಯನ್ನು ಸಾಮಾನ್ಯವೆನ್ನುತ್ತಾರೆ. 10ರಿಂದ 40ರ ನಡುವಿನ ಅಂಕಿ ವೈರಸ್ ಸೋಂಕಿನಿಂದ ಹಿಡಿದು ಸಂಧಿವಾತದವರೆಗೆ ಹತ್ತಾರು ಕಾರಣಗಳಿಂದ ಬರಬಹುದು. ಇಲ್ಲಿ ಅಂಕಿಗಿಂತ ಲಕ್ಷಣಗಳೇ ಹೆಚ್ಚು ಹೇಳುತ್ತವೆ. 100 ಮೀರಿದಾಗ ಬ್ಯಾಕ್ಟೀರಿಯಾ ಸೋಂಕನ್ನು ಮೊದಲು ಹುಡುಕುವುದು ವೈದ್ಯರ ಕ್ರಮ. ವಯಸ್ಸಾದವರಲ್ಲಿ ಇಂಥ ಸೋಂಕು ಶ್ವಾಸಕೋಶ, ಮೂತ್ರಕೋಶ, ಪಿತ್ತಕೋಶ ಮತ್ತು ಚರ್ಮಗಳಲ್ಲಿ ಹೆಚ್ಚಾಗಿ ಅಡಗಿರುತ್ತದೆ; ಹಾಸಿಗೆ ಹಿಡಿದವರ ಬೆನ್ನಿನ ಕೆಳಗೆ ಹುಣ್ಣಾಗಿದೆಯೇ ಎಂದು ಮನೆಯವರು ತಾವೇ ಮಗ್ಗುಲು ಹೊರಳಿಸಿ ನೋಡಬೇಕು.

ಸಿಆರ್‌ಪಿಯ ನಿಜವಾದ ಉಪಯೋಗ ಕಾಣುವುದು ಸಾಲಾಗಿ ಎರಡು ಮೂರು ಬಾರಿ ಮಾಡಿಸಿದಾಗ. ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದವರಲ್ಲಿ ಮೊದಲ ದಿನ 160, ಮೂರನೆಯ ದಿನ 90, ಐದನೆಯ ದಿನ 40 ಎಂದು ಬಂದರೆ, ಕೊನೆಯ ಅಂಕಿ ಇನ್ನೂ ಮಿತಿಯ ಮೇಲಿದ್ದರೂ ಔಷಧ ನಾಟುತ್ತಿದೆ ಎಂದೇ ಅರ್ಥ. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆ ಆದವರಲ್ಲಿ ಎರಡು ಮೂರನೆಯ ದಿನಕ್ಕೆ ಸಿಆರ್‌ಪಿ ಬಹಳ ಏರುವುದು ಸಹಜ. ನಂತರ ಅದು ಇಳಿಯುತ್ತಾ ಹೋಗಬೇಕು. ಇಳಿಯುತ್ತಿದ್ದದ್ದು ಮತ್ತೆ ಏರತೊಡಗಿದರೆ ಗಾಯದಲ್ಲೋ ಎದೆಯಲ್ಲೋ ಸೋಂಕು ಸೇರಿರುವ ಸಾಧ್ಯತೆಯನ್ನು ಆ ದಿನವೇ ನೋಡಿಸಬೇಕು.

ಹೈ ಸೆನ್ಸಿಟಿವಿಟಿ ಸಿಆರ್‌ಪಿ ಎಂದು ಬರೆದಿದ್ದರೆ ಅಳೆಯುವ ಪ್ರೋಟೀನು ಅದೇ, ಆದರೆ ಕೇಳುವ ಪ್ರಶ್ನೆ ಬೇರೆ. ಹೃದಯ ಮತ್ತು ರಕ್ತನಾಳಗಳ ಕಾಯಿಲೆಯ ಅಪಾಯವನ್ನು ಅಂದಾಜು ಮಾಡುವ ಈ ಪರೀಕ್ಷೆಯಲ್ಲಿ 1ಕ್ಕಿಂತ ಕಡಿಮೆಯಾದರೆ ಅಪಾಯ ಕಡಿಮೆ, 1ರಿಂದ 3 ಸಾಧಾರಣ, 3ರ ಮೇಲೆ ಹೆಚ್ಚು ಎಂದು ಲೆಕ್ಕ. ನೆಗಡಿ, ಹಲ್ಲುನೋವು ಇರುವಾಗ ಇದನ್ನು ಮಾಡಿಸಿ ಫಲವಿಲ್ಲ. 10ಕ್ಕಿಂತ ಹೆಚ್ಚು ಬಂದರೆ ಆ ಅಂಕಿಯನ್ನು ಬದಿಗಿಟ್ಟು, ಏರಿಕೆಗೆ ಕಾರಣವೇನೆಂದು ನೋಡಿ, ಆರೋಗ್ಯ ಸರಿಹೋದ ಮೇಲೆ ಮತ್ತೆ ಮಾಡಿಸಬೇಕು.

ಐದನೆಯ ಹೆಜ್ಜೆ: ಉಳಿದ ಸಾಲುಗಳನ್ನು ಬಿಡಬೇಡಿ

ಉರಿಯೂತದ ಕತೆ ಆ ಎರಡು ಅಂಕಿಗಳಲ್ಲೇ ಮುಗಿಯುವುದಿಲ್ಲ. ಬಿಳಿ ರಕ್ತಕಣಗಳು ಮೈಕ್ರೋಲೀಟರಿಗೆ ಸುಮಾರು 4,000ದಿಂದ 11,000 ಇರುತ್ತವೆ. ಸೋಂಕಿದ್ದರೆ ಏರುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ, ಆದರೆ ವಯಸ್ಸಾದವರಲ್ಲಿ ಗಂಭೀರ ಸೋಂಕಿದ್ದಾಗಲೂ ಅವು ಏರದಿರಬಹುದು. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಸೋಂಕಿಲ್ಲದೆಯೂ ಏರುತ್ತವೆ. ಪ್ಲೇಟ್‌ಲೆಟ್ ಸಂಖ್ಯೆ ಹಲವು ತಿಂಗಳು ಮೇಲೆಯೇ ಇದ್ದರೆ ಅದು ಬಗೆಹರಿಯದ ಉರಿಯೂತ, ಕಬ್ಬಿಣಾಂಶದ ಕೊರತೆ ಅಥವಾ ಕ್ಯಾನ್ಸರಿನ ಸೂಚನೆಯಾಗಿರಬಹುದು.

ಫೆರಿಟಿನ್ ಸಾಲಿನಲ್ಲಿ ಎಚ್ಚರ ಬೇಕು. ಇದು ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಪರೀಕ್ಷೆ, ಆದರೆ ಉರಿಯೂತ ಬಂದಾಗ ಫೆರಿಟಿನ್ ತಾನೂ ಏರುತ್ತದೆ. ಹಿಮೋಗ್ಲೋಬಿನ್ 9 ಇರುವ ಹಿರಿಯರೊಬ್ಬರ ಫೆರಿಟಿನ್ 80 ಎಂದು ಬಂದಿದ್ದು, ಸಿಆರ್‌ಪಿ 40 ಇದ್ದರೆ, ಫೆರಿಟಿನ್ ಸರಿಯಾಗಿದೆ, ಕಬ್ಬಿಣಾಂಶ ಸಾಕಷ್ಟಿದೆ ಎಂದು ತೀರ್ಮಾನಿಸುವುದು ತಪ್ಪಾಗಬಹುದು. ಉರಿಯೂತವಿರುವಾಗ ಫೆರಿಟಿನ್ 100ಕ್ಕಿಂತ ಕಡಿಮೆಯಿದ್ದರೂ ಕೊರತೆಯನ್ನು ಶಂಕಿಸುತ್ತಾರೆ, ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ಕಬ್ಬಿಣಾಂಶ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಅಳತೆ) ಶೇ 20ಕ್ಕಿಂತ ಕೆಳಗಿದ್ದರೆ ಆ ಶಂಕೆ ಬಲವಾಗುತ್ತದೆ. ವಯಸ್ಸಾದವರಲ್ಲಿ ಕಬ್ಬಿಣಾಂಶದ ಕೊರತೆ ಕಂಡರೆ ಹೊಟ್ಟೆ ಅಥವಾ ಕರುಳಿನಲ್ಲಿ ಗೊತ್ತಾಗದಂತೆ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕಾಗುತ್ತದೆ. ಆದ್ದರಿಂದಲೇ ಈ ಸಾಲನ್ನು ತಪ್ಪಾಗಿ ಓದುವುದು ದುಬಾರಿಯಾಗುತ್ತದೆ. ಇನ್ನೊಂದು ಬಗೆಯ ರಕ್ತಹೀನತೆಯೂ ಇದೆ: ದೀರ್ಘಕಾಲದ ಉರಿಯೂತದಲ್ಲಿ ಹೆಪ್ಸಿಡಿನ್ ಎಂಬ ಹಾರ್ಮೋನು ಕಬ್ಬಿಣಾಂಶವನ್ನು ಸಂಗ್ರಹದಲ್ಲೇ ಕೂಡಿಹಾಕಿಬಿಡುವುದರಿಂದ, ದಾಸ್ತಾನು ಇದ್ದರೂ ರಕ್ತ ತಯಾರಾಗುವುದಿಲ್ಲ. ಎಷ್ಟೋ ಮಂದಿಯಲ್ಲಿ ಇವೆರಡೂ ಒಟ್ಟಿಗೇ ಇರುತ್ತವೆ.

ಆಲ್ಬುಮಿನ್ ಉರಿಯೂತದಲ್ಲಿ ಇಳಿಯುವ ಪ್ರೋಟೀನು. ಅದು 3.5ಕ್ಕಿಂತ ಕೆಳಗೆ ಬಂದ ಕೂಡಲೇ ಊಟ ಸಾಲುತ್ತಿಲ್ಲ ಎಂದು ನೋಡಿಕೊಳ್ಳುವವರು ತಮ್ಮನ್ನೇ ದೂಷಿಸಿಕೊಳ್ಳುವುದನ್ನು ಕಂಡಿದ್ದೇನೆ; ಸಿಆರ್‌ಪಿ ಏರಿರುವಾಗ ಆ ಇಳಿಕೆಯ ಬಹುಪಾಲು ಉರಿಯೂತದಿಂದಲೇ ಆಗಿರಬಹುದು. ಅದೇ ವರದಿಯಲ್ಲಿ ಗ್ಲೋಬ್ಯುಲಿನ್ ಎಂಬ ಇನ್ನೊಂದು ಬಗೆಯ ಪ್ರೋಟೀನು ಮೇಲಿದ್ದು, ಇಎಸ್‌ಆರ್ ಬಹಳ ಹೆಚ್ಚಿದ್ದು, ಸಿಆರ್‌ಪಿ ಮಾತ್ರ ಸಾಮಾನ್ಯವಾಗಿದ್ದರೆ, ಅದರಲ್ಲೂ ರಕ್ತಹೀನತೆ, ಬೆನ್ನುಮೂಳೆಯ ನೋವು ಅಥವಾ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸವನ್ನು ತೋರಿಸುವ ಅಂಕಿ) ಏರಿಕೆ ಜೊತೆಗಿದ್ದರೆ, ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರನ್ನು ನೆನಪಿನಲ್ಲಿಟ್ಟುಕೊಂಡು ರಕ್ತದ ಪ್ರೋಟೀನುಗಳನ್ನು ಬೇರ್ಪಡಿಸಿ ನೋಡುವ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಬೇಕೇ ಎಂದು ವೈದ್ಯರನ್ನು ಕೇಳಿ. ಇಎಸ್‌ಆರ್ ಮತ್ತು ಸಿಆರ್‌ಪಿ ಒಂದಕ್ಕೊಂದು ಹೊಂದದೇ ಇರುವುದೂ ಒಂದು ಮಾಹಿತಿಯೇ.

ಪ್ರೊಕ್ಯಾಲ್ಸಿಟೋನಿನ್ ಬ್ಯಾಕ್ಟೀರಿಯಾ ಸೋಂಕನ್ನು ಶಂಕಿಸಿದಾಗ ಹೆಚ್ಚಾಗಿ ಆಸ್ಪತ್ರೆಯಲ್ಲಿ ಮಾಡಿಸುವ ಪರೀಕ್ಷೆ; ಮೂತ್ರಪಿಂಡ ದುರ್ಬಲವಾಗಿರುವವರಲ್ಲಿ ಅದು ಸೋಂಕಿಲ್ಲದೆಯೂ ಏರಿರುತ್ತದೆ. ಸಂಧಿವಾತದಂಥ ಕಾಯಿಲೆಗಳನ್ನು ಶಂಕಿಸಿದಾಗ ನೋಡುವ ಆರ್‌ಎ ಫ್ಯಾಕ್ಟರ್ ಮತ್ತು ಎಎನ್‌ಎ ಎಂಬ ಪರೀಕ್ಷೆಗಳು ಆರೋಗ್ಯವಂತ ಹಿರಿಯರಲ್ಲೂ ಪಾಸಿಟಿವ್ ಬರುತ್ತವೆ. ಕೀಲುಗಳಲ್ಲಿ ಊತವಿಲ್ಲದಿದ್ದರೆ, ಒಂದು ಪಾಸಿಟಿವ್ ಎಂಬ ಪದವನ್ನು ನೋಡಿ ಸಂಧಿವಾತವೆಂದು ತಿಳಿಯಬಾರದು.

ಆರನೆಯ ಹೆಜ್ಜೆ: ಅಂಕಿಯನ್ನು ಬದಲಿಸುವ ಸಂಗತಿಗಳನ್ನು ಪಟ್ಟಿ ಮಾಡಿ

ಬೊಜ್ಜು, ಧೂಮಪಾನ, ವಸಡಿನ ಕಾಯಿಲೆ ಇವೆಲ್ಲ ಸಿಆರ್‌ಪಿಯನ್ನು ತುಸು ಮೇಲೆಯೇ ಇಟ್ಟಿರುತ್ತವೆ. ವಸಡಿನ ಬಗ್ಗೆ ಒತ್ತಿ ಹೇಳಬೇಕು. ಕಟ್ಟಿದ ಹಲ್ಲಿನ ಕೆಳಗೆ ತಿಂಗಳುಗಟ್ಟಲೆ ಕೀವು ತುಂಬಿದ್ದರೂ ಹಿರಿಯರು ಹೇಳಿಕೊಳ್ಳುವುದಿಲ್ಲ, ನಾವೂ ಬಾಯಿ ತೆರೆಸಿ ನೋಡುವುದಿಲ್ಲ. ಕೊಲೆಸ್ಟ್ರಾಲಿಗೆ ಕೊಡುವ ಸ್ಟಾಟಿನ್ ಮಾತ್ರೆಗಳೂ ಸ್ಟೀರಾಯ್ಡ್‌ಗಳೂ ಸಿಆರ್‌ಪಿಯನ್ನು ಇಳಿಸುತ್ತವೆ. ಸಂಧಿವಾತಕ್ಕೆ ಟೊಸಿಲಿಜುಮ್ಯಾಬ್ ಚುಚ್ಚುಮದ್ದು ಪಡೆಯುತ್ತಿರುವವರಲ್ಲಿ ದೊಡ್ಡ ಸೋಂಕಿದ್ದರೂ ಸಿಆರ್‌ಪಿ ಏರದಿರಬಹುದು, ಆದ್ದರಿಂದ ತುರ್ತು ಚಿಕಿತ್ಸೆಗೆ ಹೋದಾಗ ಈ ಔಷಧದ ಹೆಸರನ್ನು ಮೊದಲು ಹೇಳಬೇಕು. ಯಕೃತ್ತು ಬಹಳ ಕೆಟ್ಟಿರುವವರಲ್ಲೂ ಹೀಗೆಯೇ ಆಗಬಹುದು, ಏಕೆಂದರೆ ಸಿಆರ್‌ಪಿ ತಯಾರಾಗುವ ಜಾಗವೇ ಅದು.

ಇನ್ನು ವಯಸ್ಸೇ ತರುವ ಉರಿಯೂತದ ಮಾತು. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ 2000ದಲ್ಲಿ ಇದಕ್ಕೆ ಇನ್‌ಫ್ಲಮೇಜಿಂಗ್ ಎಂಬ ಹೆಸರಿಟ್ಟರು. ಇದು ನಿಜವಾದ ವಿದ್ಯಮಾನವೇ, ಆದರೆ ಇದರಿಂದಾಗುವ ಏರಿಕೆ ಅಲ್ಪ. ಸಿಆರ್‌ಪಿ 60 ಬಂದಿರುವಾಗ ‘ವಯಸ್ಸಾಯಿತಲ್ಲ, ಇರುತ್ತದೆ ಬಿಡಿ’ ಎಂಬ ಮಾತನ್ನು ಯಾರು ಹೇಳಿದರೂ ಒಪ್ಪಿಕೊಳ್ಳಬೇಡಿ. ಗಾಬರಿಯಿಂದ ಆಗುವ ಹಾನಿಗಿಂತ ಈ ಮಾತಿನಿಂದ ಆಗುವ ಹಾನಿ ದೊಡ್ಡದು.

ಏಳನೆಯ ಹೆಜ್ಜೆ: ವರದಿಗೆ ಕಾಯಬಾರದ ಲಕ್ಷಣಗಳನ್ನು ತಿಳಿದಿರಿ

ಹಿರಿಯರಲ್ಲಿ ಸೋಂಕು ಜ್ವರವಾಗಿಯೇ ಬರಬೇಕೆಂದಿಲ್ಲ. ಹಠಾತ್ತನೆ ಗೊಂದಲಕ್ಕೊಳಗಾಗುವುದು, ಕಾರಣವಿಲ್ಲದೆ ಬೀಳುವುದು, ಹಗಲೆಲ್ಲ ಮಂಪರು, ಊಟ ನಿರಾಕರಣೆ, ಉಸಿರಾಟದ ವೇಗ ಹೆಚ್ಚುವುದು, ಮೂತ್ರ ಕಡಿಮೆಯಾಗುವುದು ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರಿಗೆ ತೋರಿಸಿ.

ಎರಡನೆಯದು ತಲೆನೋವು. 50 ದಾಟಿದವರಲ್ಲಿ ಹೊಸದಾಗಿ ತಲೆನೋವು ಆರಂಭವಾಗಿ, ತಲೆ ಬಾಚುವಾಗ ನೆತ್ತಿಯ ಚರ್ಮ ನೋಯುತ್ತಿದ್ದರೆ, ಅಗಿಯುವಾಗ ದವಡೆ ಸೋತು ನೋವಾಗಿ ತುಸು ಹೊತ್ತು ನಿಲ್ಲಿಸಿದರೆ ಸರಿಹೋಗುತ್ತಿದ್ದರೆ, ಅಥವಾ ಒಂದು ಕಣ್ಣು ಕ್ಷಣಕಾಲ ಮಂಜಾದರೆ, ಅದು ಜಯಂಟ್ ಸೆಲ್ ಆರ್ಟರೈಟಿಸ್ ಎಂಬ ರಕ್ತನಾಳದ ಉರಿಯೂತವಾಗಿರಬಹುದು. ಚಿಕಿತ್ಸೆ ತಡವಾದರೆ ದೃಷ್ಟಿ ಶಾಶ್ವತವಾಗಿ ಹೋಗುವ ಕಾಯಿಲೆ ಇದು. ಇದರಲ್ಲಿ ಇಎಸ್‌ಆರ್ ಮತ್ತು ಸಿಆರ್‌ಪಿ ಸಾಮಾನ್ಯವಾಗಿ ಬಹಳ ಏರಿರುತ್ತವೆ, ಆದರೂ ಕೆಲವರಲ್ಲಿ ಏರದೆಯೂ ಇರುತ್ತವೆ. ಬಲವಾದ ಶಂಕೆಯಿದ್ದಾಗ ವೈದ್ಯರು ಉಳಿದ ಪರೀಕ್ಷೆಗಳ ಫಲಿತಾಂಶಕ್ಕೆ ಕಾಯದೆ ಸ್ಟೀರಾಯ್ಡ್ ಆರಂಭಿಸುವುದು ಇದೇ ಕಾರಣಕ್ಕೆ. ಇದಕ್ಕೆ ಹತ್ತಿರದ ನಂಟಿನ ಇನ್ನೊಂದು ಕಾಯಿಲೆಯಾದ ಪಾಲಿಮಯಾಲ್ಜಿಯಾ ರುಮಾಟಿಕಾದಲ್ಲಿ ಎರಡೂ ಭುಜ ಮತ್ತು ಸೊಂಟದ ಸುತ್ತ ನೋವಿದ್ದು, ಬೆಳಿಗ್ಗೆ ಎದ್ದಾಗ ಮುಕ್ಕಾಲು ಗಂಟೆಗೂ ಹೆಚ್ಚು ಹೊತ್ತು ಮೈ ಬಿಗಿದಿರುತ್ತದೆ. ಮಂಚದಿಂದ ಏಳಲು, ತೋಳಿಗೆ ಅಂಗಿ ಏರಿಸಲು ಕಷ್ಟವಾಗುತ್ತದೆ. ಇದನ್ನು ವಯಸ್ಸಿನ ವಾಯುನೋವೆಂದು ವರ್ಷಗಟ್ಟಲೆ ಸಹಿಸುವವರಿದ್ದಾರೆ. ಚಿಕಿತ್ಸೆ ಕೊಟ್ಟರೆ ಇದು ಕೆಲವೇ ದಿನಗಳಲ್ಲಿ ಗಮನಾರ್ಹವಾಗಿ ಇಳಿಯುತ್ತದೆ.

ಎಂಟನೆಯ ಹೆಜ್ಜೆ: ಅಂಕಿ ಇಳಿಸಲು ಹೊರಡಬೇಡಿ, ಬರೆದಿಟ್ಟುಕೊಳ್ಳಿ

ಸಿಆರ್‌ಪಿ ಏರಿದೆ ಎಂದು ಮನೆಯಲ್ಲಿದ್ದ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೆನ್ ಮಾತ್ರೆಯನ್ನು ಹಿರಿಯರಿಗೆ ಕೊಡಬೇಡಿ. ಮೂತ್ರಪಿಂಡಕ್ಕೂ ಹೊಟ್ಟೆಗೂ ಅವು ಮಾಡುವ ಹಾನಿ ಈ ವಯಸ್ಸಿನಲ್ಲಿ ಹೆಚ್ಚು, ಮತ್ತು ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿದ್ದರೆ ರಕ್ತಸ್ರಾವದ ಅಪಾಯವೂ ಇದೆ. ಹಳೆಯ ಚೀಟಿ ನೋಡಿ ಆ್ಯಂಟಿಬಯೋಟಿಕ್ ತರುವುದೂ ಬೇಡ. ಸೋಂಕು ಎಲ್ಲಿದೆ ಎಂದು ಗೊತ್ತಾಗುವ ದಾರಿಯನ್ನೇ ಅದು ಮುಚ್ಚಿಬಿಡಬಹುದು.

ಅದರ ಬದಲು ಒಂದು ನೋಟುಪುಸ್ತಕವಿರಲಿ. ಅತ್ತೆಯವರ ಪುಸ್ತಕದ ಒಂದು ಸಾಲು ಹೀಗಿದೆ: ‘ಇಎಸ್‌ಆರ್ 34, ಸಿಆರ್‌ಪಿ ಲೀಟರಿಗೆ 11 ಮಿಲಿಗ್ರಾಂ, ಹಿಮೋಗ್ಲೋಬಿನ್ 11.2, ಹಲ್ಲು ಕೀಳಿಸಿ ಐದು ದಿನ, ಊಟ ಸರಿಯಾಗಿದೆ, ತೂಕ 54.’ ಹಲ್ಲು ಕೀಳಿಸಿದ ಆ ನಾಲ್ಕು ಪದಗಳಿಲ್ಲದಿದ್ದರೆ ಮುಂದಿನ ವರ್ಷ ಆ 11 ಏಕೆ ಬಂತೆಂದು ಯಾರಿಗೂ ನೆನಪಿರುತ್ತಿರಲಿಲ್ಲ. ದಿನಾಂಕ, ಅಂಕಿ ಮತ್ತು ಮಾನ, ಆ ದಿನಗಳಲ್ಲಿ ಇದ್ದ ನೆಗಡಿ, ಪೆಟ್ಟು, ಹೊಸ ಔಷಧ, ತೂಕ ಇಷ್ಟನ್ನು ಒಂದೇ ಸಾಲಿನಲ್ಲಿ ಬರೆದರೆ ಸಾಕು. ಬೇರೆ ಕಾರಣಕ್ಕೆ ಹೇಗೂ ರಕ್ತ ಕೊಡುವ ಸಂದರ್ಭ ಬಂದು, ಹಿರಿಯರು ಆಗ ಗೆಲುವಾಗಿದ್ದು, ವೈದ್ಯರೂ ಒಪ್ಪಿದರೆ, ಆ ಆರೋಗ್ಯದ ದಿನದ ಅಂಕಿಯನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದಾಗ, ಹೊಸ ವೈದ್ಯರ ಮೇಜಿನ ಮೇಲೆ ಔಷಧಗಳ ಪಟ್ಟಿಯ ಜೊತೆಗೆ ಇಡಬೇಕಾದ ಪುಟ ಅದು.